ಉತ್ತರ ಹೇಳಬಾರದ ತರಗತಿ

ಆ ಹೈಸ್ಕೂಲಿನ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಉತ್ತರ ಹೇಳುವುದು ಕೊಲೆಗಿಂತ ದೊಡ್ಡ ಅಪರಾಧವಾಗಿತ್ತು. ಕೊಲೆ ಮಾಡಿದವನಿಗಾದರೂ ವಕೀಲರು ಸಿಗುತ್ತಾರೆ. ಇಲ್ಲಿ ಒಂದೇ ಒಂದು ಉತ್ತರ ಬಾಯಿಜಾರಿ ಬಿದ್ದರೆ ಹದಿನಾಲ್ಕು ಮಕ್ಕಳು ಒಟ್ಟಿಗೆ ಕತ್ತು ತಿರುಗಿಸಿ ನೋಡುತ್ತಿದ್ದರು. ಆ ನೋಟಕ್ಕೆ ಗೋಡೆಯ ಸುಣ್ಣ ಉದುರುತ್ತಿತ್ತು. ನಂಬದವರು ಬಂದು ಗೋಡೆ ನೋಡಬಹುದು.

ಕಾನೂನು ಮಾಡಿದವರು ಗಣಿತದ ಮೇಡಂ. ಚಿತ್ರಕಲೆ, ಸಂಗೀತ, ಕಾಲೇಜು ತಯಾರಿ, ಈ ಮೂರರಲ್ಲಿ ಒಂದನ್ನು ಮಕ್ಕಳೇ ಆರಿಸಿಕೊಳ್ಳಬೇಕಿತ್ತು. ಮನೆಯಲ್ಲಿ ಯಾರೂ ಕಾಲೇಜಿನ ಗೇಟು ದಾಟದವರು ಮೂರನೆಯದಕ್ಕೆ ಬರುತ್ತಿದ್ದರು. ನೋಟ್ಸ್ ಬರೆಯುವುದು, ಅರ್ಜಿ ತುಂಬುವುದು ಎಲ್ಲ ಅಲ್ಲಿ ಕಲಿಸುತ್ತಿದ್ದರೂ ತರಗತಿಯ ಪ್ರಾಣ ಇದ್ದದ್ದು ಸುತ್ತಿನಲ್ಲಿ. ಸುತ್ತು ಎಂದರೆ ಇಷ್ಟೇ: ಕುರ್ಚಿಗಳನ್ನು ದುಂಡಗೆ ಹಾಕುವುದು, ಎಲ್ಲೋ ಸಿಕ್ಕಿಹಾಕಿಕೊಂಡವರು ಬೋರ್ಡಿನ ಮುಂದೆ ನಿಂತು ತಮ್ಮ ಕಗ್ಗಂಟನ್ನು ಹೇಳುವುದು, ಉಳಿದವರು ಬರೀ ಪ್ರಶ್ನೆ ಕೇಳುವುದು. ಗಂಟು ಹಾಕಿಕೊಂಡವರೇ ಬಿಚ್ಚಿಕೊಳ್ಳಬೇಕು. ಈ ಪದ್ಧತಿ ಮೇಡಂಗೆ ಎಷ್ಟು ಮೈಗೂಡಿತ್ತೆಂದರೆ, ಮನೆಯಲ್ಲಿ ಅವರ ಯಜಮಾನರು ಬೀಗದ ಕೈ ಎಲ್ಲಿ ಅಂತ ಕೇಳಿದರೆ "ಕೊನೇ ಸಲ ಎಲ್ಲಿ ನೋಡಿದ್ರಿ?" ಅನ್ನುತ್ತಿದ್ದರು. ಆ ಮನುಷ್ಯ ಹನ್ನೊಂದು ವರ್ಷದಲ್ಲಿ ಒಂದು ಉತ್ತರ ಕೇಳಿದವರಲ್ಲ.

ಅಂಥ ಮೇಡಂ ಆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ತಮ್ಮ ಕಾನೂನನ್ನು ತಾವೇ ಹಿಡಿದು ಸುಟ್ಟುಹಾಕುವಷ್ಟು ಕುದಿಯುತ್ತಿದ್ದರು.

ಬೋರ್ಡಿನ ಮುಂದೆ ನಿಂತವಳು ಟೈಲ್ಸ್ ಮೇಸ್ತ್ರಿಯ ಮಗಳು. ಅವಳ ಅರ್ಜಿ ನಾಲ್ಕು ಗಂಟೆಯೊಳಗೆ ಹೋಗಬೇಕು. ಹೋಗದಿದ್ದರೆ ಒಂದು ವರ್ಷ ಮಣ್ಣುಪಾಲು. ಉಳಿದ ಮಕ್ಕಳೆಲ್ಲ ಬೇರೆ ಕಾಲೇಜುಗಳಿಗೆ ಹಾಕುವವರು, ಅವರಿಗೆ ಇನ್ನೂ ದಿನಗಳಿದ್ದವು. ಅವಳ ಅರ್ಜಿಯಲ್ಲಿ ಎಲ್ಲ ತುಂಬಿಯಾಗಿತ್ತು, ಒಂದು ಪುಟ ಬಿಟ್ಟು. 'ಈ ಕೋರ್ಸನ್ನು ಏಕೆ ಆರಿಸಿಕೊಂಡಿದ್ದೀರಿ?' ಮೂರು ವಾರ ಕೂತು ಹನ್ನೊಂದು ಸಾಲು ಬರೆದು, ಹನ್ನೆರಡು ಸಾಲು ಹೊಡೆದುಹಾಕಿದ್ದಳು. ಒಂದು ಸಾಲು ಹೆಚ್ಚಿಗೆ ಹೇಗೆ ಹೊಡೆದಳೋ, ಗಣಿತದ ಮೇಡಂಗೂ ಲೆಕ್ಕ ಹತ್ತಲಿಲ್ಲ.

"ಓದು, ಉಳಿದಿರೋದನ್ನ," ಅಂದಳು ಲಾಯರಮ್ಮ. ಮಾತಿಗೆ ಮಾತು ಕೂಡಿಸುವುದರಲ್ಲಿ ಎತ್ತಿದ ಕೈಯಾದ್ದರಿಂದ ಆ ಹುಡುಗಿಗೆ ಅದೇ ಹೆಸರು ನಿಂತಿತ್ತು.

"'ನರ್ಸಿಂಗ್ ಒಂದು ಸೇವೆ.'"

"ಆಮೇಲೆ?"

"ಅಷ್ಟೇ."

"ಯಾರಿಗೆ ಸೇವೆ?"

"ರೋಗಿಗಳಿಗೆ."

"ನಿಂಗೆ ರೋಗಿಗಳು ಇಷ್ಟಾನಾ?"

ಮೇಸ್ತ್ರಿಯ ಮಗಳು ಪ್ರಪಂಚದ ಅಷ್ಟೂ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡವಳಂತೆ ಬಹಳ ಹೊತ್ತು ಯೋಚಿಸಿ, "ಅವರೇನೂ ನಂಗೆ ತೊಂದರೆ ಕೊಟ್ಟಿಲ್ಲ," ಅಂದಳು.

ಮೇಡಂ ಹಣೆ ಚಚ್ಚಿಕೊಂಡರು. ಅಂಥ ಪುಟವನ್ನು ಅವರು ಬಸ್ಸಿನಲ್ಲಿ ಜೋತುಬಿದ್ದುಕೊಂಡೇ ಬರೆದುಕೊಡಬಲ್ಲರು. ಓದಿದ ಆಸ್ಪತ್ರೆಯವರೇ ಎದ್ದು ಬಂದು ಹುಡುಗಿಯನ್ನು ಕರೆದುಕೊಂಡು ಹೋಗುವ ಹಾಗೆ ಬರೆಯಬಲ್ಲರು. ಮೂರೂ ಕಾಲಾಯಿತು. ಇನ್ನು ತಡೆಯಲಾಗಲಿಲ್ಲ.

"ನೋಡು, ಹೀಗೆ ಶುರು ಮಾಡು. ಚಿಕ್ಕವಳಿದ್ದಾಗಿಂದಲೂ ನನಗೆ..."

ಹದಿನಾಲ್ಕು ಕತ್ತುಗಳು ತಿರುಗಿದವು.

"ಮೇಡಂ," ಅಂದಳು ಲಾಯರಮ್ಮ ಮೆತ್ತಗೆ, "ಅದು ಪ್ರಶ್ನೇನಾ?"

"ಟೈಮ್ ಇಲ್ಲ ಕಣೇ."

"ಹೋದ ತಿಂಗಳು ನನ್ನ ಲೆಕ್ಕಕ್ಕೆ ಟೈಮ್ ಇತ್ತಾ ಮೇಡಂ? ಬೆಲ್ ಹೊಡೆದ್ರೂ ಬಿಟ್ಟಿರ್ಲಿಲ್ಲ ನೀವು."

ತಾವೇ ಸಾಕಿ ಸಲಹಿದ ಬಾಯಿಗಳು. ಮೇಡಂ ಅರ್ಜಿ ತೆರೆದಿಟ್ಟಿದ್ದ ಕಂಪ್ಯೂಟರಿನ ಮುಂದೆ ತುಟಿ ಕಚ್ಚಿಕೊಂಡು ಕೂತರು. ಗಡಿಯಾರದ ಮುಳ್ಳು ಮಾತ್ರ ಯಾರನ್ನೂ ಏನೂ ಕೇಳದೆ ಓಡುತ್ತಿತ್ತು.

ಆಗ ಬಾಗಿಲ ಪಕ್ಕದ ಕುರ್ಚಿಯಿಂದ ಒಂದು ಧ್ವನಿ ಬಂತು. ಅದು ಮೌನಿಯದು. ವರ್ಷಕ್ಕೆರಡು ಸಲ ಬಾಯಿ ಬಿಡುವ ಹುಡುಗ, ಅದರಲ್ಲಿ ಒಂದು ಸಲ ಆಕಳಿಸಲಿಕ್ಕೆ. ಅವನ ಧ್ವನಿ ಒಡೆದು ಗಂಡಸಿನದಾದದ್ದೂ ತರಗತಿಗೆ ಅವತ್ತೇ ಗೊತ್ತಾದದ್ದು.

"ನರ್ಸಿಂಗ್ ಅಂತ ನಿಂಗೆ ಮೊದಲು ಅನ್ಸಿದ್ದು ಯಾವಾಗ?"

"ಹೋದ ವರ್ಷ. ಮೈದಾನದಲ್ಲಿ ಒಬ್ಬಳು ಬಿದ್ದು ಕಾಲು ಉಳುಕಿಸಿಕೊಂಡಿದ್ಲಲ್ಲ, ಆವತ್ತು ನಾನು ವೇಲ್ ಸುತ್ತಿ ಕಟ್ಟಿದೆ."

"ನೀನೇ ಯಾಕೆ ಕಟ್ಟಿದೆ?"

"ನಾನೇ ಹತ್ತಿರ ಇದ್ದೆ."

"ಕಟ್ಟಿ ಆದ್ಮೇಲೆ ಏನ್ ಮಾಡಿದೆ?"

"ಅವಳನ್ನ ಬೇರೆಯವರು ಎತ್ಕೊಂಡು ಹೋದ್ರು. ನಾನು ಅವಳು ಯಾಕೆ ಬಿದ್ಲು ಅಂತ ನೋಡೋಕೆ ಹೋದೆ." ಅಲ್ಲಿಯವರೆಗೆ ಹಸಿ ಗೋಡೆಗೆ ಒರಗಿದವಳಂತೆ ಮುದುಡಿ ನಿಂತಿದ್ದ ಹುಡುಗಿ ಸ್ವಲ್ಪ ನೆಟ್ಟಗಾದಳು. "ಆ ಮೂಲೆ ತಗ್ಗಿದೆ. ಕಣ್ಣಿಗೆ ಕಾಣಲ್ಲ. ಅರ್ಧ ಬಾಟಲಿ ನೀರನ್ನ ನೆಲದ ಮೇಲೆ ಅಡ್ಡ ಮಲಗಿಸಿ ನೋಡಿದೆ, ನೀರೆಲ್ಲ ಒಂದೇ ಕಡೆ ಬಂತು. ಗೇಟಿಂದ ಅಲ್ಲಿಗೆ ಹೆಚ್ಚುಕಮ್ಮಿ ಒಂದು ಗೇಣು ಇಳಿಜಾರು. ಚರಂಡಿ ಇರೋದು ನೋಡಿದ್ರೆ ಎದುರು ಮೂಲೇಲಿ. ಕಟ್ಟಿದವರಿಗೆ ಬುದ್ಧಿ ಇಲ್ಲ."

"ಆಮೇಲೆ?"

ಆಮೇಲೆ ಒಡ್ಡು ಒಡೆಯಿತು. ಈ ಕೋಣೆಯ ನೆಲ ಕಿಟಕಿಯ ಕಡೆ ಇಳಿದಿದೆಯಂತೆ, ಅದಕ್ಕೇ ಪೆನ್ಸಿಲ್ಲುಗಳೆಲ್ಲ ಅಲ್ಲೇ ಸಿಗುವುದಂತೆ. ಮಹಡಿ ಮೆಟ್ಟಿಲಲ್ಲಿ ಏಳನೆಯದು ಎರಡು ಬೆರಳು ಎತ್ತರವಂತೆ, ಹೆಡ್ ಮಾಸ್ತರರು ದಿನಾ ಅಲ್ಲೇ ಎಡವುವುದಂತೆ. ಎಂಟನೇ ವಯಸ್ಸಿನಿಂದ ಅಪ್ಪನ ಜೊತೆ ಮಟ್ಟದ ದಾರ ಹಿಡಿದವಳು. ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಚ್ಚಲ ನೀರು ಎತ್ತ ಹರಿಯುತ್ತದೆ ಅಂತ. ಮೂರು ವಾರ ಒಂದು ಸಾಲಿಗೆ ತಿಣುಕಿದ ಹುಡುಗಿ ನಾಲ್ಕು ನಿಮಿಷದಲ್ಲಿ ಇಡೀ ಊರಿನ ನೆಲವನ್ನು ಅಳೆದು, ಮಡಿಚಿ, ಕೈಗೆ ಕೊಟ್ಟಳು.

"ಇದನ್ನ ಕಲಿಸೋ ಕೋರ್ಸ್ ಇದೆಯಾ?" ಲಾಯರಮ್ಮ ಕೇಳಿದಳು.

"ಇದೆ. ಅದೇ ಪಟ್ಟೀಲಿ ನಾಲ್ಕನೇದು. ಸರ್ವೆ."

"ಮತ್ತೆ ಅದಕ್ಕೆ ಯಾಕೆ ಗುರುತು ಹಾಕ್ಲಿಲ್ಲ?"

ಹುಡುಗಿ ಉಗುರು ನೋಡಿಕೊಂಡಳು, ಬೋರ್ಡು ನೋಡಿದಳು, ಕೊನೆಗೆ ಮೇಡಂ ಚಪ್ಪಲಿಯ ಕಡೆ ನೋಡುತ್ತ, "ಆವತ್ತು ಮೇಡಂ ಹೇಳಿದ್ರಲ್ಲ," ಅಂದಳು. "'ನೀನು ನರ್ಸಿಂಗ್ ಮಾಡು ಕಣೇ, ನಿಂಗೇ ಹೇಳಿ ಮಾಡಿಸಿದ ಹಾಗಿದೆ' ಅಂತ."



ಹೇಳಿದ್ದು ನಿಜ. ಮೈದಾನದಲ್ಲಿ, ಬಿಸಿಲಲ್ಲಿ, ಬೆನ್ನು ತಟ್ಟಿ ಹೇಳಿದ್ದರು. ತರಗತಿಯ ಹೊರಗೆ ಕಾನೂನು ನಡೆಯುವುದಿಲ್ಲವೆಂದೋ ಏನೋ, ಧಾರಾಳವಾಗಿ ಹೇಳಿ, ಅರ್ಧ ಗಂಟೆಯಲ್ಲಿ ಮರೆತೂಬಿಟ್ಟಿದ್ದರು. ಹುಡುಗಿ ಮರೆತಿರಲಿಲ್ಲ. ಮೂರು ವಾರದಿಂದ ಆ ಪಾಪದವಳು ಮೇಡಂನ ಉತ್ತರಕ್ಕೆ ತನ್ನ ಕಾರಣ ಹುಡುಕುತ್ತ ಕೂತಿದ್ದಳು. ಮೇಡಂಗೆ ಹುಡುಗಿಯ ಮೇಲೆ ರೇಗಬೇಕೋ ತಮ್ಮ ಮೇಲೆ ರೇಗಬೇಕೋ ತಿಳಿಯದೆ ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು.

"ಗುರುತು ಬದಲಾಯಿಸ್ಲಾ ಮೇಡಂ?"

ಮೂರೂ ಮೂವತ್ತೈದು. ನರ್ಸಿಂಗಿಗೆ ಇನ್ನೂರು ಸೀಟು, ಸರ್ವೆಗೆ ಮೂವತ್ತು. ಹುಡುಗಿಗೆ ಗಣಿತದಲ್ಲಿ ಅರವತ್ತೊಂದು, ಅದನ್ನು ಕೊಟ್ಟವರೂ ಮೇಡಂ ಅವರೇ. ಒಂದು ಅರ್ಜಿಗೆ ಒಂದೇ ಕೋರ್ಸು. ಬೇಡ ಕಣೇ, ಕೈಗೆ ಬಂದದ್ದನ್ನು ಬಿಡಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಬಾಗಿಲು ಬಡಿಯುತ್ತಿತ್ತು. ಹೇಳುವ ಹಾಗಿಲ್ಲ. ಪ್ರಶ್ನೆ ಮಾಡಿ ಕೇಳಿದರು.

"ಮೂವತ್ತೇ ಸೀಟು ಇರೋದು ಗೊತ್ತಾ? ಸಿಗದೇ ಹೋದ್ರೆ?"

"ಅದು ಪ್ರಶ್ನೆ ಅಲ್ಲ ಮೇಡಂ," ಲಾಯರಮ್ಮ ಅಂದಳು, "ಬೆದರಿಕೆ."

"ನೀನು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀಯಾ? ಇದು ಪ್ರಶ್ನೆ."

ಮೇಸ್ತ್ರಿಯ ಮಗಳು ನಿಧಾನವಾಗಿ ಹೇಳಿದಳು. "ಸರ್ವೆ ಸಿಗದಿದ್ರೆ ಒಂದು ವರ್ಷ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಮತ್ತೆ ಹಾಕ್ತೀನಿ ಮೇಡಂ. ನರ್ಸಿಂಗ್ ಸಿಕ್ಕಿಬಿಟ್ರೆ ಏನ್ ಮಾಡ್ಲಿ?"

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಹತ್ತು ಲಕ್ಷ ಪ್ರಶ್ನೆಗಳು ಹುಟ್ಟಿದ್ದವು, ಕಡಿಮೆ ಹೇಳುತ್ತಿದ್ದೇವೆ. ಇಂಥದ್ದು ಇದೇ ಮೊದಲು. ಮೇಡಂ ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಎದ್ದು, "ಕೂತ್ಕೋ," ಅಂದರು. ಅದನ್ನು ಉತ್ತರ ಅಂತ ಯಾರೂ ತಕರಾರು ಮಾಡಲಿಲ್ಲ.

ಹುಡುಗಿ ಗುರುತು ಬದಲಾಯಿಸಿ ಹದಿನಾರು ನಿಮಿಷದಲ್ಲಿ ಪುಟ ಬರೆದಳು. ಕೀಲಿಗಳ ಸದ್ದಿಗೆ ಕೆಳಮಹಡಿಯ ಸಂಗೀತದ ತರಗತಿಯವರು ತಾಳ ತಪ್ಪಿದರು. ಬಾಟಲಿಯಿಂದ ಶುರು ಮಾಡಿದ್ದಳು. ಎರಡು ಕಡೆ ಕಾಗುಣಿತ ತಪ್ಪಿತ್ತು, ಕಟ್ಟಿದವರಿಗೆ ಬುದ್ಧಿ ಇಲ್ಲ ಅನ್ನುವ ಮಾತೂ ಹಾಗೇ ಇತ್ತು. ಮೇಡಂ ಬೆರಳು ನವೆಯುತ್ತಿದ್ದರೂ ಕೈ ಕಟ್ಟಿಕೊಂಡು ಓದಿದರು. ಕೊನೆಗೆ 'ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ' ಅಂತ ಇದ್ದ ಚೌಕ ಬಂತು. ನಾಲ್ಕಕ್ಕೆ ಐದು ನಿಮಿಷ. ಮೇಡಂ ಅದನ್ನು ಒತ್ತಿದರು.

ಅರ್ಜಿ ಹೋಯಿತು. ಮಕ್ಕಳು ಬ್ಯಾಗು ಏರಿಸಿಕೊಂಡು ಎದ್ದರು.

"ಒಂದು ನಿಮಿಷ," ಅಂದರು ಮೇಡಂ. "ಇನ್ನೂ ಎಷ್ಟು ಜನ, ನಾನು ಹೇಳಿದೆ ಅಂತ ಕೋರ್ಸ್ ಆರಿಸ್ಕೊಂಡಿದ್ದೀರಾ?"

ಮೊದಲು ಮೌನಿಯ ಕೈ ಎದ್ದಿತು. ಹಿಂದೆಯೇ ಇನ್ನೆರಡು. ಆಮೇಲೆ, ಒಲ್ಲದ ಮನಸ್ಸಿನಿಂದ, ಲಾಯರಮ್ಮನದು.

"ನೀನೂನಾ? ನಿಂಗೇನ್ ಹೇಳಿದ್ದೆ ನಾನು?"

"ಲಾ ಓದು ಅಂತ ಮೇಡಂ."

"ನಿಂಗೆ ಅದು ಬೇಡ್ವಾ?"

"ಯಾರಾದ್ರೂ ಕೇಳಿದ್ರೆ ತಾನೇ," ಅಂದಳು ಲಾಯರಮ್ಮ.

ಮೇಡಂ ಗೋಡೆಯ ಕ್ಯಾಲೆಂಡರ್ ನೋಡಿದರು. ಉಳಿದವರ ಅರ್ಜಿಗಳಿಗೆ ಮುಂದಿನ ಕೊನೆಯ ದಿನ ಶುಕ್ರವಾರ. ಆಮೇಲೆ ಚದುರಿದ ಕುರ್ಚಿಗಳನ್ನು ಒಂದೊಂದಾಗಿ ಎಳೆದು ಮತ್ತೆ ದುಂಡಗೆ ಇಡತೊಡಗಿದರು.