ಮರಣದ ಣ

ಬೀರೇಶ ಸತ್ತು ಹನ್ನೊಂದು ತಿಂಗಳಾದರೂ ದಿನಾ ಬೆಳಿಗ್ಗೆ ಆರು ಗಂಟೆಗೆ ಅವನ ಮೊಬೈಲ್ ಕುಂಯ್ ಅನ್ನುತ್ತಿತ್ತು. ‘ಬೀರೇಶ್ ಅವರೇ, ಶುಭೋದಯ. ಡೈರಿ ಆರೂವರೆಗೆ ತೆರೆಯುತ್ತದೆ, ಹಾಲು ಹಾಕಲು ಬನ್ನಿ.’ ನಮ್ಮತ್ತೆ ಮುನಿತಾಯಮ್ಮ ಒಲೆ ಮುಂದೆ ಕೂತೇ, ‘ವನಜಾ, ಬೀರಂದು ಬಂತು ನೋಡವ್ವ’ ಅನ್ನುತ್ತಿದ್ದರು. ನಾನು ನೋಡಿ ಕೆಳಗಿಡುತ್ತಿದ್ದೆ. ಅಳು ಬರುತ್ತಿರಲಿಲ್ಲ. ಬರಲಿ ಅಂತ ಕಾದೂ ಕಾದೂ ಬೇಜಾರಾಗಿ ಬಿಟ್ಟುಬಿಟ್ಟಿದ್ದೆ.

ಆ ಮೆಸೇಜ್ ಕಳಿಸುವ ಪ್ರೋಗ್ರಾಂ ಬರೆದವನು ಅವನೇ, ನನ್ನ ಗಂಡ. ಸೋದರತ್ತೆ ಮಗ, ಹಾಗಾಗಿ ಚಿಕ್ಕಂದಿನಿಂದಲೂ ಏಕವಚನವೇ. ಸೋಲೂರಿನ ಹತ್ತಿರದ ನಮ್ಮೂರ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ, ನನಗೂ ಕಲಿಸಿದ್ದ. ಈಗ ಆ ಕುರ್ಚಿಯಲ್ಲಿ ನಾನು.

ಮೊನ್ನೆ ಸೆಕ್ರೆಟರಿ ಚಿಕ್ಕರಾಜಣ್ಣ ಬಂದು ನಿಂತರು. ‘ವನಜಾಕ್ಷಮ್ಮ, ಸತ್ತೋರ್ಗೆಲ್ಲ ಮೆಸೇಜ್ ಹೋಯ್ತಾ ಐತೆ. ನಮ್ಮಪ್ಪ ಗುಂಡಿಯಿಂದ ಎದ್ದು ಬಂದು ಹಾಲು ಹಾಕ್ತಾನೇನ್ರಯ್ಯಾ ಅಂತ ಕೃಷ್ಣಪ್ಪ ಉಗುದ್ಬುಟ್ಟು ಹೋದ. ಇವತ್ತೇ ನಿಲ್ಸಮ್ಮ.’

‘ಆಯ್ತಣ್ಣ’ ಅಂದೆ.

ಸುಲಭದ ಕೆಲಸ. ಸದಸ್ಯರ ಪಟ್ಟಿಯಲ್ಲಿ ಮರಣ ಅಂತ ಒಂದು ಕಾಲಂ ಇದೆ. ಯಾರಾದರೂ ಸತ್ತರೆ ಅಲ್ಲಿ ತಾರೀಖು ತುಂಬುವವಳು ನಾನೇ. ಆ ಕಾಲಂ ಖಾಲಿ ಇರುವವರಿಗೆ ಮಾತ್ರ ಮೆಸೇಜ್ ಕಳಿಸು ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಸೇರಿಸಿದೆ. marana ಎಂಬ ಕಾಲಂ ಇಲ್ಲ ಅಂದಿತು ಕಂಪ್ಯೂಟರ್.

ಮರಣ ಇಲ್ಲವಂತೆ! ಅಯ್ಯೋ ನಿನ್ನ ಮನೆ ಹಾಳಾಗ, ಇಲ್ಲದೆ ಎಲ್ಲಿಗೆ ಹೋಯಿತು? ಮತ್ತೆ ಕುಟ್ಟಿದೆ, ಮತ್ತೂ ಇಲ್ಲ. ತಂದ ಬುತ್ತಿ ಬಿಚ್ಚಲೇ ಇಲ್ಲ. ಕಡೆಗೆ ಕಾಲಂಗಳ ಪಟ್ಟಿ ತೆಗೆದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. maraNa. ನಡುವೆ ದೊಡ್ಡ ಎನ್.

ಅವನದೇ ಚಾಳಿ. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಕುಟ್ಟುವಾಗ ಸುಮ್ಮನೆ ಎನ್ ಒತ್ತಿದರೆ ನ, ಶಿಫ್ಟ್ ಹಿಡಿದು ಒತ್ತಿದರೆ ಣ. ನಾನು ಸೋಮಾರಿ, ಎಲ್ಲದಕ್ಕೂ ನ. ‘ಅದು ಹನ ಅಲ್ಲ ಕಣೇ, ಹಣ. ಶಿಫ್ಟ್ ಒತ್ತೇ’ ಅಂತ ಬೆನ್ನ ಹಿಂದೆ ನಿಂತು ರೇಗಿಸುತ್ತಿದ್ದ. ಇಂಗ್ಲಿಷಿನಲ್ಲಿ ಹೆಸರಿಡುವಾಗಲೂ ಪುಣ್ಯಾತ್ಮ ಣ ಬಿಟ್ಟಿರಲಿಲ್ಲ.

ಶಿಫ್ಟ್ ಒತ್ತಿದೆ. ಆಗಲೂ marana ಇಲ್ಲವೆಂದೇ ಬಂತು. ಹೆಸರನ್ನು ಡಬಲ್ ಕೋಟ್ ಚಿಹ್ನೆಯ ಒಳಗೆ ಇಡದಿದ್ದರೆ ಈ ಡೇಟಾಬೇಸು ದೊಡ್ಡಕ್ಷರವನ್ನೆಲ್ಲ ಚಿಕ್ಕದು ಮಾಡಿಕೊಂಡು ಓದುತ್ತದೆ ಅನ್ನುವುದು ಆಮೇಲೆ ಹೊಳೆಯಿತು. ಎರಡೂ ಕಡೆ ಕೋಟ್ ಹಾಕಿದೆ. ಒಪ್ಪಿಕೊಂಡಿತು.

ಹದಿನಾರು ಹೆಸರು ಪಟ್ಟಿಯಿಂದ ಹೊರಗೆ ಬಂದವು. ಬೀರೇಶ ಅದರಲ್ಲಿಲ್ಲ. ಊರವರದೆಲ್ಲ ತುಂಬಿದವಳು ಅವನ ತಾರೀಖು ಮಾತ್ರ ತುಂಬಿರಲೇ ಇಲ್ಲ. ಸುಮ್ಮನಿದ್ದುಬಿಟ್ಟರೆ ನಾಳೆಯೂ ಮೊಬೈಲ್ ಕುಂಯ್ ಅನ್ನುತ್ತದೆ, ಯಾಕೆ ಅಂತ ಕೇಳುವವರು ಯಾರೂ ಇಲ್ಲ.

ಚಿಕ್ಕರಾಜಣ್ಣ ಬಾಗಿಲಲ್ಲಿ ಇಣುಕಿದರು. ‘ಎಲ್ಲಾರ್ದೂ ನಿಂತೋಯ್ತೇನಮ್ಮ?’

‘ಇನ್ನೊಂದೈತೆ ಕಣಣ್ಣ. ಒಸಿ ಇರಿ.’

ಪರದೆಯ ಮೇಲಿನ ಹೆಸರು ನೋಡಿ ಅವರು ಬಾಗಿಲು ಮುಂದೆ ಮಾಡಿಕೊಂಡು ಹೋದರು.

ತಾರೀಖು ಕುಟ್ಟಿದೆ. ಒಂದು ಸಾಲು ಬದಲಾಯಿತು ಅಂತ ಬಂತು. ಆಮೇಲೆ ಬುತ್ತಿ ಬಿಚ್ಚಿದೆ.

ಮಾರನೆಯ ಬೆಳಿಗ್ಗೆ ಆರಾಯಿತು, ಆರೂ ಹತ್ತಾಯಿತು. ಅತ್ತೆ ಒಲೆ ಬಿಟ್ಟು ಎದ್ದು ಬಂದರು.

‘ಏನವ್ವ, ಬೀರಂದು ಬರ್ನೇ ಇಲ್ವಲ್ಲ? ಮೊಬೈಲ್ ಕೆಟ್ಟೋಯ್ತಾ?’

‘ಕೆಟ್ಟಿತ್ತು ಅತ್ತೆ,’ ಅಂದೆ. ‘ಸರಿ ಮಾಡ್ದೆ.’

ಅವರು ಮೊಬೈಲ್ ಎತ್ತಿಕೊಂಡು ಸೆರಗಿನಲ್ಲಿ ಒರೆಸಿ, ಚಾರ್ಜಿಗೆ ಹಾಕಿದರು.