ನಲವತ್ತೇಳನೆಯ ಮನೆಯ ಕ್ಯೂಬ್

ನನ್ನ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಕಾಂಕ್ರೀಟ್ ಕ್ಯೂಬನ್ನು ಒತ್ತಿಟ್ಟಿದ್ದೇನೆ. ಮುಕ್ಕಾಲು ಗೇಣು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಎತ್ತಲು ಎರಡು ಕೈ ಬೇಕು. ಅದರ ಮೈಮೇಲೆ ಮೊಳೆಯಿಂದ ಗೀಚಿದ 47 ಇದೆ, ಅದರ ಕೆಳಗೊಂದು ತಾರೀಖು ಇದೆ. ಬರಹ ನನ್ನದೇ. ಬಂದವರು ಇದೇನೆಂದು ಕೇಳಿದರೆ ಕಲ್ಲು ಎಂದು ಹೇಳಿ ಮಾತು ಬದಲಿಸುತ್ತೇನೆ.

ಹೊಳೆ ಊರನ್ನು ನುಂಗಿದ ಮರುವರ್ಷ ನಾನು ಆ ಕಂಪನಿಗೆ ಸೇರಿದೆ. ಸೇತುವೆ, ಆಸ್ಪತ್ರೆ, ಸಂತ್ರಸ್ತರ ಕಾಲೊನಿ, ಹೀಗೆ ಸರ್ಕಾರದ ದೊಡ್ಡ ಕೆಲಸಗಳೆಲ್ಲ ಅವರ ಪಾಲಿಗೇ ಬರುತ್ತಿದ್ದವು. ಆಗ ದಿನ್ನೆಯ ಮೇಲೆ ಇನ್ನೂರು ಮನೆಗಳ ಗುತ್ತಿಗೆ. ನಾನು ಗುಣಮಟ್ಟ ನೋಡುವ ಎಂಜಿನಿಯರು. ಪ್ರತಿ ಮನೆಯ ಮಾಳಿಗೆಗೆ, ಅಂದರೆ ಮೇಲ್ಛಾವಣಿಗೆ, ಕಾಂಕ್ರೀಟ್ ಹಾಕುವಾಗ ಅದೇ ಮಾಲಿನಿಂದ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬಬೇಕು. ಹಸಿಯಿರುವಾಗಲೇ ಮನೆಯ ನಂಬರು, ತಾರೀಖು ಗೀಚಿ, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಸರ್ಕಾರದ ಲ್ಯಾಬಿನಲ್ಲಿ ಒಡೆಸಬೇಕು. ಕ್ಯೂಬ್ ಗಟ್ಟಿಯಿದ್ದರೆ ಮಾಳಿಗೆಯೂ ಗಟ್ಟಿ.

ತೊಟ್ಟಿಯ ನೀರು ನೋಡಿಕೊಳ್ಳುತ್ತಿದ್ದವಳು ಸಾಬವ್ವ. ಹೊಳೆ ಬಂದ ದಿನ ನೆನೆದ ಮಾಳಿಗೆ ಅವಳ ಗಂಡನ ಮೇಲೆಯೇ ಕುಸಿದಿತ್ತು. ತಗಡಿನ ಶೆಡ್ಡಿನಲ್ಲಿದ್ದ ಅವಳಿಗೆ ನಲವತ್ತೇಳನೆಯ ಮನೆ ಮಂಜೂರಾಗಿತ್ತು. ದಿನಕ್ಕೊಮ್ಮೆಯಾದರೂ ನನ್ನನ್ನು ತಡೆದು ಕೇಳುತ್ತಿದ್ದಳು: "ಮಾಳಿಗಿ ಗಟ್ಟಿ ಇರತೈತಲ್ರೀ ಸಾಹೇಬ್ರ?"

"ಕಲ್ಲಿನಂಗ ಇರತೈತವ್ವಾ," ಎನ್ನುತ್ತಿದ್ದೆ ನಾನು.

ಒಂದು ಬೆಳಿಗ್ಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಸಾಹೇಬ್ರ, ತೊಟ್ಟ್ಯಾಗ ನಲವತ್ತೇಳು ಐತ್ರಿ."

"ಖುಷಿ ಸುದ್ದಿ ಅಲ್ಲೇನವ್ವಾ?"

"ನನ್ನ ಮನೀಗೆ ಇನ್ನೂ ಮಾಳಿಗೀನ ಹಾಕಿಲ್ಲಲ್ರಿ. ಸೆಂಟ್ರಿಂಗ್ ಹಲಗಿ ಬರೇ ಖಾಲಿ ಅದಾವು. ಹುಟ್ಟದ ಕೂಸು ತೊಟ್ಟಲದಾಗ ಹೆಂಗ ಬಂದು ಮಲಗಿತ್ರಿ?"

ಮಿಕ್ಸರ್ ಕೆಟ್ಟು ನಾಲ್ಕು ದಿನದಿಂದ ಆ ಸಾಲಿನ ಕೆಲಸ ನಿಂತಿತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಮರೆಯದೆ ಏನು, ನಾನು ಮಾಳಿಗೆಯ ಹತ್ತಿರ ಹೋಗುತ್ತಲೇ ಇರಲಿಲ್ಲ. ಗೋದಾಮಿನ ಹಿಂದೆ ಕುಳಿತು, ತೊಳೆದ ಮರಳಿಗೆ ಎರಡು ಪಟ್ಟು ಸಿಮೆಂಟ್ ಬೆರೆಸಿ, ಹತ್ತು ಮನೆಗಳ ಕ್ಯೂಬುಗಳನ್ನು ಒಂದೇ ದಿನ ಮಾಡಿ, ಮ್ಯಾನೇಜರು ಕೊಟ್ಟ ಪಟ್ಟಿ ನೋಡಿ ಮುಂದಿನ ತಾರೀಖುಗಳನ್ನು ಮೊದಲೇ ಗೀಚುತ್ತಿದ್ದೆ. ಮಾಳಿಗೆಗಳಿಗೆ ಹೋಗುತ್ತಿದ್ದದ್ದು ಮಣ್ಣು ತುಂಬಿದ ಹೊಳೆಯ ಉಸುಕು. ಜನರ ಮನೆ ಮುಳುಗಿಸಿದ ಅದೇ ಹೊಳೆಯದು.

"ಬರಿಯೂದ್ರಾಗ ತಪ್ಪಾಗೇತಿ," ಎಂದೆ.

"ಹಂಗಾದ್ರ ಇದು ಯಾರ ಮನೀದ್ರಿ?"

ನೇರವಾಗಿ ಮ್ಯಾನೇಜರ್ ಮಹಾರುದ್ರಪ್ಪನವರ ಹತ್ತಿರ ಓಡಿದೆ. ಅವರು ಶೇಂಗಾ ಸುಲಿಯುತ್ತ ಎಲ್ಲವನ್ನೂ ಕೇಳಿದರು. "ಆಕಿ ಹೆಸರು ಮನಿ ಮಂಜೂರಾದವರ ಪಟ್ಟ್ಯಾಗ ಐತಿಲ್ಲೋ? ಪಟ್ಟಿ ತಿದ್ದಾಕ ಎಷ್ಟೊತ್ತು ಬೇಕು? ಹೋಗಿ ಹೇಳು. ನಂಬರ್ ಗೀಚಿದಾವ ನೀನ, ನೀನ ಹೇಳು."

ಆ ಮನುಷ್ಯನ ಮುಖಕ್ಕೆ ಉಗಿಯಬೇಕಿತ್ತು. ಸತ್ತವರ ಹೆಸರಿನಲ್ಲಿ ಬಂದ ಸಿಮೆಂಟನ್ನು ನುಂಗಿ, ಬದುಕಿದವಳ ಬಾಯಿಗೂ ಬೀಗ ಹಾಕಲು ಹೊರಟವನು! ಈಗಲೂ ನೆನೆದರೆ ಮೈಯೆಲ್ಲ ಉರಿಯುತ್ತದೆ. ಆದರೆ ಅವತ್ತು ನಾನು ತಲೆಯಾಡಿಸಿ ಹೋದೆ, ಹೇಳಿದ್ದನ್ನು ಹೇಳಿದಂತೆಯೇ ಸಾಬವ್ವನ ಮುಂದೆ ಒಪ್ಪಿಸಿದೆ. ಅವಳು ನನ್ನನ್ನೇ ನೋಡಿದಳು. "ಆತು ಬಿಡ್ರಿ," ಎಂದು ತೊಟ್ಟಿಯ ಕಡೆಗೆ ಹೋದಳು.

ಮನೆ ಹಂಚುವ ದಿನ ಶಾಮಿಯಾನ, ಹಾರ, ಮಂತ್ರಿಗಳು ಎಲ್ಲ ಇದ್ದರು. ಎಲ್ಲ ಕ್ಯೂಬುಗಳೂ ಪಾಸಾಗಿವೆ ಎಂದು ಮಹಾರುದ್ರಪ್ಪನವರು ಮೈಕಿನಲ್ಲಿ ಓದಿದರು, ಚಪ್ಪಾಳೆ ಬಿತ್ತು. ಸಾಬವ್ವ ಬೀಗದ ಕೈ ಇಸಿದುಕೊಂಡು ವೇದಿಕೆಯಿಂದ ಇಳಿದು ನೆಟ್ಟಗೆ ನನ್ನ ಬಳಿಗೆ ಬಂದಳು. ಸೆರಗಿನ ಮರೆಯಿಂದ ಲ್ಯಾಬಿಗೆ ಹೋಗದೆ ತೊಟ್ಟಿಯಲ್ಲೇ ಉಳಿದಿದ್ದ, 47 ಎಂದು ಗೀಚಿದ್ದ ಹೆಚ್ಚಿನ ಕ್ಯೂಬ್ ತೆಗೆದಳು.

"ನಾಕು ಮಂದಿ ಮುಂದ ಹೇಳ್ರಿ ಸಾಹೇಬ್ರ. ಇದು ನನ್ನ ಮನೀದು ಹೌದೋ ಅಲ್ಲೋ?"

ಸುತ್ತಲಿನವರು ತಿರುಗಿದರು. ಮಹಾರುದ್ರಪ್ಪನವರೂ ನೋಡುತ್ತಿದ್ದರು. ಅಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು.

"ಹೌದು," ಎಂದೆ.

ಅವಳು ಅದನ್ನು ನನ್ನ ಕೈಗೆ ಹಾಕಿದಳು. "ಹಂಗಾದ್ರ ನೀವ ಇಟ್ಕೊಳ್ರಿ. ನನ್ನ ಮನ್ಯಾಗ ಗಟ್ಟಿ ಇದ್ದದ್ದು ಇದೊಂದ."

ಎರಡು ವರ್ಷದ ನಂತರ, ಕಂಪನಿ ಬಿಟ್ಟ ಮೇಲೆ, ಒಮ್ಮೆ ಆ ದಿನ್ನೆಗೆ ಹೋದೆ. ನಲವತ್ತೇಳರ ಅಂಗಳದಲ್ಲಿ ಹಳೆಯ ತಗಡುಗಳನ್ನೇ ನಿಲ್ಲಿಸಿಕೊಂಡು ಸಾಬವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಂದೆ ಮನೆಯ ಬಾಗಿಲು ತೆರೆದಿತ್ತು. ಮಾಳಿಗೆಯ ಸಿಮೆಂಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಕೆಳಗೆ ಒಂದು ಆಡನ್ನೂ ಕಟ್ಟಿರಲಿಲ್ಲ, ಕಟ್ಟಿಗೆ ಒಟ್ಟಿದ್ದಳು. ನನ್ನನ್ನು ಕಂಡಳು, ಬಾ ಎನ್ನಲಿಲ್ಲ.

ನನ್ನ ಮನೆಯ ಮಾಳಿಗೆಯನ್ನು ನಾನೇ ಎದುರಿಗೆ ನಿಂತು ಹಾಕಿಸಿದ್ದೇನೆ. ಒಂದು ಹನಿಯೂ ಸೋರುವುದಿಲ್ಲ. ಮೊನ್ನೆ ಬಾಗಿಲಲ್ಲಿ ಆ ಕ್ಯೂಬನ್ನು ಎಡವಿ, ಸಿಟ್ಟು ನೆತ್ತಿಗೇರಿ, ಸುತ್ತಿಗೆ ತಂದು ಬಾರಿಸಿದೆ. ಬಾರಿಸುತ್ತಲೇ ಇದ್ದೆ. ಕೊನೆಗೆ ಸುತ್ತಿಗೆಯ ಹಿಡಿ ಮುರಿಯಿತು. ನಲವತ್ತೇಳರ ಒಂದು ಗೀರೂ ಅಳಿಸಿರಲಿಲ್ಲ.