ಟೋಪಿ ತೆಗೆಯುವ ತಿರುವು

ದೋರು ನದಿಯಲ್ಲಿ ಇಪ್ಪತ್ತಾರು ವರ್ಷ ಪ್ರವಾಸಿಗರ ಹಡಗು ನಡೆಸಿದ ಅದೆರಿತುವಿಗೆ ಆ ಒಂದು ತಿರುವಿನಲ್ಲಿ ಮಾತು ಹೊರಡುತ್ತಿರಲಿಲ್ಲ. ಎರಡೂ ಕಡೆಯ ಬೆಟ್ಟಗಳು ಅಲ್ಲಿ ನದಿಯನ್ನು ಹಿಂಡುತ್ತವೆ. ಅಣೆಕಟ್ಟು ಬರುವ ಮೊದಲು ನೀರು ಅಲ್ಲಿ ಬಂಡೆಗಳ ನಡುವೆ ಸುಳಿಯಾಗಿ ಕುದಿಯುತ್ತಿತ್ತು. ವೈನ್ ಪೀಪಾಯಿ ಹೊತ್ತ ದೋಣಿಗಳು ಆ ಸುಳಿಗೆ ಇಳಿಯುವಾಗ ಅಂಬಿಗರೆಲ್ಲ ಟೋಪಿ ತೆಗೆದು ಸುಮ್ಮನಾಗುತ್ತಿದ್ದರು. ಚುಕ್ಕಾಣಿ ಹಿಡಿದವನು ‘ದಾಟಿತು’ ಎಂದ ಮೇಲೆಯೇ ಟೋಪಿ ಮತ್ತೆ ತಲೆಗೆ ಏರಬೇಕು. ಈಗ ಸುಳಿಯೂ ಇಲ್ಲ, ಬಂಡೆಯೂ ಕಾಣದು. ಅಲುಗಾಡದ ಹಸಿರು ನೀರು, ಅಷ್ಟೆ.

ಆ ಬೆಳಿಗ್ಗೆ ತಿರುವು ಹತ್ತಿರವಾದಾಗ ಕಪ್ಪು ಶಾಲಿನ ಮುದುಕಿಯೊಬ್ಬಳು ಚುಕ್ಕಾಣಿ ಕೋಣೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಸತ್ತವರ ನೆನಪಿಗೆ ಇಡುವ ರೋಸ್ಮರಿಯ ಒಂದು ಕಡ್ಡಿ.

"ಕ್ಯಾಪ್ಟನ್ನರೇ, ನಾನು ಫೆಲಿಸ್ಮಿನಾ. ನಮ್ಮಣ್ಣ ಅಬೀಲಿಯು ಅರವತ್ತೊಂದನೇ ಇಸವೀಲಿ ಇಲ್ಲೇ ಹೋದ. ಹೆಣಾನೂ ಸಿಗಲಿಲ್ಲ. ದೋಣಿ ಬಡಿದ ಬಂಡೆ ಎಲ್ಲಿತ್ತು ಅಂತ ಯಾರಿಗಾದ್ರೂ ಗೊತ್ತಾ?"

ಪ್ರವಾಸಿಗರಿಗೆ ನದಿಯ ಕಥೆ ಹೇಳಲು ಮೈಕ್ ಹಿಡಿದು ಕೂತಿದ್ದ ಸಹಾಯಕ ಲೊರೆನ್ಸು ನಕ್ಕ. "ಗೊತ್ತಿದ್ದೋರೆಲ್ಲ ನೀರಿನಡೀಲೇ ಇದ್ದಾರೆ ಅಜ್ಜಿ. ನಾನಂತೂ ಸಲಕ್ಕೊಂದು ಜಾಗ ತೋರಿಸ್ತೀನಿ, ಇವತ್ತಿನವರೆಗೂ ಯಾರೂ ಜಗಳ ಆಡಿಲ್ಲ."

"ನಿನ್ನ ಬಾಯಿಗಿಂತ ಆ ಸುಳೀನೇ ವಾಸಿ ಕಣೋ," ಎಂದಳು ಮುದುಕಿ. "ಮೂವರು ಸತ್ತು ಒಬ್ಬ ಉಳಿದ. ಚುಕ್ಕಾಣಿ ಹಿಡಿದಿದ್ದ ಜೆಫೆರೀನು. ಅವನೊಬ್ಬನಿಗೆ ಗೊತ್ತಿತ್ತು. ನಮ್ಮನೆ ಮೆಟ್ಟಿಲು ಹತ್ತಲೇ ಇಲ್ಲ ಪುಣ್ಯಾತ್ಮ."

ಜೆಫೆರೀನು ಅದೆರಿತುವಿನ ಅಪ್ಪ. ಸಾಯುವ ವರ್ಷ ಮಗನನ್ನು ದಂಡೆಗೆ ಕರೆತಂದು ಮುಳುಗಿದ ಆ ಬಂಡೆಯ ಗುರುತು ಹೇಳಿದ್ದ: ಮೇಲಿನ ಪುಟ್ಟ ಚರ್ಚಿನ ಬಿಳಿ ಗೋಡೆ, ಕೆಳಗೆ ಬೆಟ್ಟದ ಕಲ್ಲಿನ ಸೀಳು, ಎರಡೂ ಒಂದೇ ನೇರಕ್ಕೆ ಬರುವ ಜಾಗ. ಬೇರೆ ಯಾರಿಗೂ ಹೇಳಿರಲಿಲ್ಲ. ಜಾಗ ತೋರಿಸಿದರೆ ತಾನು ಯಾರ ಮಗನೆಂದು ತೋರಿಸಿದಂತೆ. ಗೊತ್ತಿಲ್ಲವೆಂದರೆ ಮುದುಕಿ ಕಡ್ಡಿಯನ್ನು ಎಲ್ಲೋ ಒಂದು ಕಡೆ ಬಿಟ್ಟು ಹೋಗುತ್ತಾಳೆ. ಯಾರೂ ಕೇಳುವವರಿಲ್ಲ.

ಬಿಳಿ ಗೋಡೆ ಸೀಳಿನ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು.

"ಲೊರೆನ್ಸು, ಮೈಕ್ ಆಫ್ ಮಾಡು."

"ಇನ್ನೂ ಜೋಕೇ ಹೇಳಿಲ್ಲ ಸಾರ್..."

"ಮಾಡು ಅಂದೆ."

ಅದೆರಿತು ಎಂಜಿನ್ ನಿಲ್ಲಿಸಿದ. ಟೋಪಿ ತೆಗೆದ.

"ಇಲ್ಲೇ ಅಮ್ಮ. ಎಡಕ್ಕೆ, ಹತ್ತು ಮಾರು."

ಅವಳು ನೀರನ್ನು ನೋಡಲಿಲ್ಲ, ಅವನ ಮುಖ ನೋಡಿದಳು.

"ಜೆಫೆರೀನು ಮಗ."

"ಹೌದಮ್ಮ."

ಮುದುಕಿ ಹಡಗಿನ ಅಂಚಿನ ಕಟಕಟೆಗೆ ಹೋಗಿ ಕಡ್ಡಿಯನ್ನು ನೀರಿಗೆ ಬಿಟ್ಟಳು. ಅದು ಎಲ್ಲಿಗೂ ಹೋಗದೆ ಬಿದ್ದಲ್ಲೇ ತೇಲಿತು. ಮೇಲಿನ ಅಟ್ಟದ ಪ್ರವಾಸಿಗರು ಏನೆಂದು ತಿಳಿಯದೆಯೇ ಬಾಗಿ ನೋಡಿದರು.

"ನಮ್ಮಮ್ಮ ಸಾಯೋವರೆಗೂ ಬಾಗಿಲು ಕಾದ್ಲು," ಎಂದಳು, ತಿರುಗಿ ಬಂದು. "ಬಂದು ಬೈಸಿಕೊಂಡಾದ್ರೂ ಹೋಗಬಾರದಿತ್ತಾ ನಿಮ್ಮಪ್ಪ?"

"ಧೈರ್ಯ ಇರಲಿಲ್ಲ ಅಮ್ಮ." ಅದೆರಿತು ಟೋಪಿಯನ್ನು ತೊಡೆಯ ಮೇಲಿಟ್ಟ. "ಅಪ್ಪ ಟೋಪಿ ಹಾಕಿದ್ದನ್ನ ನಾನು ಒಂದು ದಿನಾನೂ ನೋಡಲಿಲ್ಲ. ದ್ರಾಕ್ಷಿ ಕೊಯ್ಲಿನ ಬಿಸಿಲಲ್ಲೂ ಇಲ್ಲ. ಊರವರು ನಗ್ತಿದ್ರು."

ಅವನು ಎಂಜಿನ್ ಶುರುಮಾಡಿದ. ಬೆಟ್ಟಗಳು ಹಿಂದೆ ಸರಿದವು, ದ್ರಾಕ್ಷಿ ತೋಟದ ಮೆಟ್ಟಿಲುಗಳು ಬಿಸಿಲಿಗೆ ತೆರೆದುಕೊಂಡವು. ಟೋಪಿ ಇನ್ನೂ ಅವನ ತೊಡೆಯ ಮೇಲಿತ್ತು. ಲೊರೆನ್ಸು ಅದನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿ ಮೈಕನ್ನು ಬದಿಗಿಟ್ಟ.

ಮುದುಕಿ ಹೊರಡಲು ಬಾಗಿಲು ಹಿಡಿದಳು. ಅಲ್ಲೇ ನಿಂತಳು.

"ದಾಟಿತು," ಎಂದಳು. "ಹಾಕ್ಕೋ."